ಖಾಲಿ ಕಚೇರಿಯಲ್ಲಿ ಕುಳಿತವರು

ಹುಬ್ಬಳ್ಳಿಯ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: "2020ರ ಲಾಕ್‌ಡೌನ್ ಸಡಿಲವಾದ ಮೇಲೆ ತಿಂಗಳುಗಟ್ಟಲೆ ನಮ್ಮ ಕಚೇರಿಗೆ ಬರುತ್ತಿದ್ದವರು ನಾನು ಮತ್ತು ಕಾವಲುಗಾರ ಇಬ್ಬರೇ. ಲೆಕ್ಕಪತ್ರ ನನ್ನ ಕೆಲಸ. 'ಅದನ್ನೆಲ್ಲ ಮನೆಯಿಂದಲೇ ಮಾಡಬಹುದಿತ್ತಲ್ಲ ಸರ್' ಎಂದು ಈಗಿನ ಹುಡುಗರು ಹೇಳಿದಾಗ ಸುಮ್ಮನಾಗುತ್ತೇನೆ. ನಾನು ವ್ಯರ್ಥವಾಗಿ ಜೀವ ಒತ್ತೆ ಇಟ್ಟೆನೇ?"

ಖಂಡಿತ ಇಲ್ಲ, ಮಾನ್ಯರೇ. ಮನೆಯಿಂದ ದುಡಿದವರನ್ನು ನಾನು ಹಳಿಯುವುದಿಲ್ಲ. ಎಳೆಯ ಮಕ್ಕಳಿದ್ದವರಿಗೆ ಅದು ಅನುಕೂಲವೇ ಆಯಿತು. ಆದರೆ ಅವರ ಸಂಬಳದ ಕಾಗದಕ್ಕೆ ಸಹಿ ಹಾಕಿಸಿದವರು, ಟಪಾಲು ಒಡೆದವರು, ಬಿಲ್ಲಿಗೆ ಮೂಲ ರಸೀದಿ ಹೊಂದಿಸಿದವರು ನಿಮ್ಮಂಥವರೇ. ಆ ವರ್ಷ ಏಪ್ರಿಲ್‌ನಿಂದ ಮೂರು ತಿಂಗಳು ಮಹಿಳೆಯರ ಜನಧನ ಖಾತೆಗೆ ತಿಂಗಳಿಗೆ 500 ರೂಪಾಯಿ ಬಂದಿತು. ಖಾತೆಗೆ ಬಂದ ಹಣ ಕೈಗೆ ಬರಲು ಬ್ಯಾಂಕಿನಲ್ಲಿ ಒಬ್ಬ ಮನುಷ್ಯ ಕುಳಿತಿರಬೇಕಾಯಿತು. ಗದಗದ ಕ್ಯಾಷಿಯರ್ ಒಬ್ಬರು ನನಗೆ ಪರಿಚಯ. ಸಂಜೆ ಹಿತ್ತಲಲ್ಲೇ ಸ್ನಾನ ಮಾಡಿ, ಪಡಸಾಲೆಯಲ್ಲಿ ಒಬ್ಬರೇ ಉಂಡು ಮಲಗುತ್ತಿದ್ದರು. ಮೊಮ್ಮಗಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗಿನ ಸಂಗತಿಯನ್ನು ನೀವು ಓದಬೇಕು. ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಇಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ವಾರವಾರವೂ ಲೆಕ್ಕ ಇಟ್ಟರು. ಲಸಿಕೆಯ ಗುಣ ಸಾಬೀತಾಗಲು ಆ ಲೆಕ್ಕವೂ ಒಂದು ಆಧಾರವಾಯಿತು. ಹಾಫ್‌ಕಿನ್ ಹೆಸರು ಉಳಿದಿದೆ, ಉಳಿಯಲೂ ಬೇಕು. ಊರು ತೆರವಾಗುತ್ತಿದ್ದಾಗ ಕುಳಿತು ಅಂಕಿ ಬರೆದ ಗುಮಾಸ್ತರ ಹೆಸರನ್ನು ಯಾರಾದರೂ ಕೇಳಿದ್ದೀರಾ? 2020ರ ಮಾರ್ಚ್ 22ರ ಸಂಜೆ ನಾವು ಜಾಗಟೆ ಬಾರಿಸಿದಾಗಲೂ ಗುಮಾಸ್ತರು ಯಾರ ನೆನಪಿಗೂ ಬರಲಿಲ್ಲ.

ನಿಮ್ಮ ಮೇಲೆ ನನಗೊಂದು ಸಿಟ್ಟಿದೆ. ಹುಡುಗರ ಮಾತಿಗೆ ಏಕೆ ಸುಮ್ಮನಾದಿರಿ? ಕೆಲಸ ತಡೆಯಿಲ್ಲದೆ ನಡೆದರೆ, ಅಲ್ಲಿ ಯಾರೂ ಬೇಕಿರಲಿಲ್ಲ ಎಂದು ಮೇಲಿನವರು ತಿಳಿಯುತ್ತಾರೆ. ಆ ತಿಳಿವಳಿಕೆಯಿಂದಲೇ ಇಂದು ಕೌಂಟರುಗಳು ಮುಚ್ಚುತ್ತಿವೆ. ಮೊನ್ನೆ ಒಂದು ಕಚೇರಿಯಲ್ಲಿ ಕುಂದಗೋಳದ ಕಡೆಯ ಅಜ್ಜ ಒಬ್ಬರು ಅರ್ಜಿ ಹಿಡಿದು ನಿಂತಿದ್ದರು. ತೆರೆದಿದ್ದುದು ಒಂದೇ ಕಿಟಕಿ. "ಮೊಬೈಲಿನಲ್ಲಿ ಹಾಕಿರಿ ಯಜಮಾನರೇ" ಎಂಬ ಉತ್ತರ ಬಂತು. ಅವರ ಜೇಬಿನಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ಕಚೇರಿಗೇ ಬಂದು ನಿಂತವರ ಅರ್ಜಿ ತೆಗೆದುಕೊಳ್ಳಲು ಜನರಿಲ್ಲ ಎಂದರೆ ಏನರ್ಥ? ರೋಗ ಹೋಗಿ ವರ್ಷಗಳಾದವು, ಕುರ್ಚಿಗಳು ಇನ್ನೂ ಏಕೆ ಖಾಲಿ ಇವೆ?

ಆ ಹುಡುಗರನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು 2020ರ ಕಡತಗಳನ್ನು ತೆರೆಯಿರಿ. ಯಾರ ಸಂಬಳ ಯಾವ ತಾರೀಖಿಗೆ ಹೋಯಿತು, ಅದಕ್ಕೆ ಯಾವ ಕಾಗದ ಬೇಕಾಯಿತು, ಅದನ್ನು ಯಾರು ಹುಡುಕಿ ತೆಗೆದರು ಎಂದು ತೋರಿಸಿರಿ.

— ಸಂಪಾದಕ