ಪದ್ಮಿನಿಗೆ ಇಂಜೆಕ್ಷನ್ ಗಾಡಿಯ ಪಂಪ್ ಹಾಕಬೇಡಿ

ಶೆಟ್ಟರೇ, ನಿಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ (ಒಳಗಿನ ಪರದೆ) ಹರಿದ ಮೇಲೆ ನೀವು ಮುಂಬೈನ ಕುರ್ಲಾದ ಸಿಎಸ್‌ಟಿ ರಸ್ತೆಯಿಂದ ಇಂಜೆಕ್ಷನ್ ಕಾರಿನ ಹಳೆಯ ಪಂಪೊಂದನ್ನು ತಂದು, ಒತ್ತಡ ತಗ್ಗಿಸುವ ಅಗ್ಗದ ರೆಗ್ಯುಲೇಟರ್ ಜೊತೆಗೆ ಜೋಡಿಸಿದ್ದೀರಿ. ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಓವರ್‌ಫ್ಲೋ ಆಗುತ್ತಿದೆ, ಅದರೊಳಗಿನ ಫ್ಲೋಟ್ ಬದಲಿಸಲೇ ಎಂದು ಕೇಳುತ್ತೀರಿ. ಫ್ಲೋಟಿನ ತಂಟೆಗೆ ಹೋಗಬೇಡಿ, ಮೊದಲು ಆ ಪಂಪನ್ನು ಕಳಚಿ. ಇದೇ ಎಡವಟ್ಟನ್ನು ಈ ಗುಂಪಿನಲ್ಲಿ ಮತ್ತೆ ಮತ್ತೆ ನೋಡಿ ಬೇಸತ್ತಿರುವುದರಿಂದ ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ.

ನಿಮ್ಮ ಸೋಲೆಕ್ಸ್ ಕಾರ್ಬ್ಯುರೇಟರಿಗೆ ಬೇಕಾದದ್ದು 2.5ರಿಂದ 3.5 ಪಿಎಸ್‌ಐ ಒತ್ತಡ ಮಾತ್ರ. ಇಂಜೆಕ್ಷನ್ ಪಂಪ್ 40 ಪಿಎಸ್‌ಐಗೂ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡಲೆಂದೇ ತಯಾರಾದದ್ದು. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವನ್ನು ಮುಚ್ಚಿ ಹಿಡಿಯುವುದು ಪೆಟ್ರೋಲಿನಲ್ಲಿ ತೇಲುವ ಫ್ಲೋಟಿನ ಬಲವೊಂದೇ. ಆ ಬಲ ಅಂಥ ಒತ್ತಡದ ಎದುರು ನಿಲ್ಲುವುದಿಲ್ಲ. ರಿಟರ್ನ್ ಪೈಪ್ ಇಲ್ಲದ ರೆಗ್ಯುಲೇಟರ್ ಹಾಕಿದರೆ, ಐಡ್ಲಿಂಗ್‌ನಲ್ಲಿ ಪಂಪ್ ಮುಚ್ಚಿದ ಲೈನಿನ ವಿರುದ್ಧ ದುಡಿದು ಬಿಸಿಯಾಗುತ್ತದೆ ಮತ್ತು ರೆಗ್ಯುಲೇಟರ್ ದಾಟಿ ಒತ್ತಡ ನಿಧಾನವಾಗಿ ಏರುತ್ತದೆ. ಅಂದಹಾಗೆ, ಇಷ್ಟು ದಿನ ಓವರ್‌ಫ್ಲೋ ಆದ ಗಾಡಿಯ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಉಕ್ಕಿದ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿದಿರಬಹುದು. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಲೇಬೇಡಿ.

ಪಂಪ್ ಕೊಳ್ಳುವಾಗ ಗಂಟೆಗೆ ಎಷ್ಟು ಲೀಟರ್ ಎಂಬ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಪದ್ಮಿನಿಯ 1089 ಸಿಸಿ ಇಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಗಂಟೆಗೆ ಹದಿನೈದು ಲೀಟರ್ ಆಸುಪಾಸಿನಲ್ಲೇ ಕುಡಿಯುತ್ತದೆ. ಫ್ಯಾಸೆಟ್ ಕಂಪನಿಯ ಕಡಿಮೆ ಒತ್ತಡದ ಚೌಕಾಕಾರದ ಎಲೆಕ್ಟ್ರಿಕ್ ಪಂಪ್ ಟಕಟಕ ಸದ್ದು ಮಾಡುತ್ತದೆಂದು ಕೆಲವರು ದೂರುತ್ತಾರೆ, ಆದರೆ ನನಗೆ ಅದೇ ಮೆಚ್ಚು. ರೆಗ್ಯುಲೇಟರಿಗೆ ಮಾಲ್ಪಾಸಿ ಫಿಲ್ಟರ್ ಕಿಂಗ್ ಒಳ್ಳೆಯದು. ಪುಣೆಯ ನಾನಾ ಪೇಠೆಯ ಅಂಗಡಿಗಳಲ್ಲಿ ಸಿಗುವ, ಒಂದರಿಂದ ಐದರವರೆಗೆ ಅಂಕಿ ಕೊರೆದ ಹೆಸರಿಲ್ಲದ ರೆಗ್ಯುಲೇಟರಿನ ಡಯಲನ್ನು ನಂಬುವುದಕ್ಕಿಂತ ಕಣ್ಣು ಮುಚ್ಚಿ ತಿರುಗಿಸುವುದೇ ಮೇಲು.

ನಂಬಬೇಕಾದದ್ದು ಗೇಜನ್ನು. ರೆಗ್ಯುಲೇಟರ್ ಮತ್ತು ಕಾರ್ಬ್ಯುರೇಟರ್ ನಡುವೆ ಒಂದು ಟಿ ಜಾಯಿಂಟ್ ಹಾಕಿ, 0–15 ಪಿಎಸ್‌ಐ ಗೇಜ್ ಕೂರಿಸಿ. ನೂರರ ಗೇಜಿನಲ್ಲಿ ಮುಳ್ಳು ಅಲುಗಿದ್ದೇ ತಿಳಿಯುವುದಿಲ್ಲ. ಐಡ್ಲಿಂಗ್‌ನಲ್ಲಿ ಒಮ್ಮೆ ಓದಿ, ಆಮೇಲೆ ಇಂಜಿನ್ ನಿಲ್ಲಿಸಿ ಪಂಪ್ ಮಾತ್ರ ನಡೆಸಿ ಕೆಲವು ನಿಮಿಷ ಕಾಯಿರಿ. ಮುಳ್ಳು ಮೂರರಲ್ಲಿ ನಿಂತರೆ ಸರಿ. ಮೇಲೇರುತ್ತಲೇ ಹೋದರೆ ರೆಗ್ಯುಲೇಟರ್ ಕೆಟ್ಟಿದೆ, ಫ್ಲೋಟ್ ಅಲ್ಲ. ನೋಡಲು ಅನುಕೂಲವೆಂದು ಪೆಟ್ರೋಲ್ ತುಂಬಿದ ಗೇಜನ್ನು ಡ್ಯಾಶ್‌ಬೋರ್ಡಿಗೆ ಎಳೆದು ತರುವ ಶೋಕಿ ಯಾರಿಗೂ ಬೇಡ.

ಇಂಥ ಎಲೆಕ್ಟ್ರಿಕ್ ಪಂಪ್‌ಗಳು ತಳ್ಳುವುದರಲ್ಲಿ ಜೋರು, ಎಳೆಯುವುದರಲ್ಲಿ ಸೋಮಾರಿಗಳು. ಆದ್ದರಿಂದ ಪಂಪನ್ನು ಹಿಂದೆ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಫಿಲ್ಟರ್ ಇಟ್ಟು ಕೂರಿಸಬೇಕು. ಲೈನಿನಲ್ಲಿ ಒತ್ತಡವಿದ್ದರೆ ಪುಣೆ–ಸಾತಾರಾ ದಾರಿಯ ಖಂಬಾಟ್ಕಿ ಘಾಟಿಯ ಏರಿನಲ್ಲಿ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಆವಿಯಾಗಿ ಲೈನ್ ಕಟ್ಟಿಕೊಳ್ಳುವುದು) ಕಾಟವೂ ಕಡಿಮೆಯಾಗುತ್ತದೆ. ಇಂಜಿನ್ನಿನ ಮೇಲೆ ಮೆಕ್ಯಾನಿಕಲ್ ಪಂಪ್ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಬಿಗಿಯದಿದ್ದರೆ ಆಯಿಲ್ ಸೋರುತ್ತದೆ.

ವೈರಿಂಗ್ ವಿಷಯದಲ್ಲಿ ಜುಗ್ಗತನ ಬೇಡ. ಇಗ್ನಿಷನ್‌ನಿಂದ ನೇರವಾಗಿ ಕೊಡದೆ ಫ್ಯೂಸ್, ರಿಲೇ, ಆಯಿಲ್ ಪ್ರೆಷರ್ ಸ್ವಿಚ್ ಮೂರನ್ನೂ ಬಳಸಿ, ಸ್ಟಾರ್ಟರ್ ತಿರುಗುವಾಗ, ಆಯಿಲ್ ಪ್ರೆಷರ್ ಇನ್ನೂ ಏರದಿದ್ದರೂ ಪಂಪ್ ನಡೆಸುವ ಬೈಪಾಸ್ ಮರೆಯಬೇಡಿ. ಹೀಗಿದ್ದರೆ ಅಪಘಾತದಲ್ಲಿ ಇಂಜಿನ್ ನಿಂತೊಡನೆ ಪಂಪೂ ನಿಲ್ಲುತ್ತದೆ. ಇಲ್ಲದಿದ್ದರೆ ಹರಿದ ಪೈಪಿನಿಂದ ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪೈಪುಗಳನ್ನೂ ಇದೇ ಸಲ ಬದಲಿಸಿ. ಈಗ ಬಂಕ್‌ಗಳಲ್ಲಿ ಬರುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆತ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಬಿರಿಸುತ್ತದೆ, ಉದುರಿದ ಕಪ್ಪು ಚೂರುಗಳು ನೀಡಲ್ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತವೆ, ಆಗ ಒತ್ತಡ ಸರಿಯಿದ್ದರೂ ಕಾರ್ಬ್ಯುರೇಟರ್ ಓವರ್‌ಫ್ಲೋ ಆಗುತ್ತದೆ. ಇಂಧನ ಪೈಪಿನ ಗುಣಮಟ್ಟದ ಗುರುತಾದ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಪೈಪನ್ನೇ ಕೇಳಿ ತನ್ನಿ.