ಪೊಲೀಸರು ಕೇಸು ಬಿಟ್ಟರೂ ಮಗು ಮನೆಗೆ ಬರಲಿಲ್ಲವೇಕೆ?

ಪ್ರಶ್ನೆ: ಮಗ, ಸೊಸೆ ಇಂಗ್ಲೆಂಡಿನಲ್ಲಿದ್ದಾರೆ. ಕೆಮ್ಮಿಗೆಂದು ಐದು ತಿಂಗಳ ಮೊಮ್ಮಗನನ್ನು ಆಸ್ಪತ್ರೆಗೆ ಒಯ್ದಾಗ ಎಕ್ಸ್‌ರೇಯಲ್ಲಿ ಎರಡು ಪಕ್ಕೆಲುಬು ಮುರಿದದ್ದು ಕಂಡಿತಂತೆ. ಹೇಗಾಯಿತೆಂದು ಇಬ್ಬರಿಗೂ ಗೊತ್ತಿಲ್ಲ. ಸಾಕ್ಷ್ಯ ಸಾಲದೆಂದು ಪೊಲೀಸರು ಕೇಸು ಕೈಬಿಟ್ಟರು. ಫ್ಯಾಮಿಲಿ ಕೋರ್ಟು ಮಾತ್ರ ಮಗುವನ್ನು ಬೇರೆಯವರ ಮನೆಯಲ್ಲಿಟ್ಟಿದೆ. ಇದೆಂಥ ನ್ಯಾಯ? ನಾವು ಇಲ್ಲಿಗೆ ಕರೆತರಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಕ್ರಿಮಿನಲ್ ಕೋರ್ಟಿಗೆ ಸಂಶಯಾತೀತ ರುಜುವಾತು ಬೇಕು. ಫ್ಯಾಮಿಲಿ ಕೋರ್ಟು ಕೇಳುವುದು ಇಷ್ಟೇ: ಆಗಿರುವ ಸಂಭವ ಹೆಚ್ಚೋ, ಆಗದಿರುವ ಸಂಭವವೋ? ಹಾಗಾಗಿ ಪೊಲೀಸರು ಬಿಟ್ಟದ್ದು ಅಲ್ಲಿ ಬಿಡುಗಡೆ ಪತ್ರವಲ್ಲ.

ಈಗಿರುವುದು ಬಹುಶಃ ಮಧ್ಯಂತರ ಆದೇಶ. ಅದಕ್ಕೆ ನಂಬಲು ತಕ್ಕ ಕಾರಣವಿದ್ದರೆ ಸಾಕು. ಅಂತಿಮ ಕೇರ್ ಆರ್ಡರ್‌ಗೆ, ಅಂದರೆ ಮಗುವನ್ನು ಕೌನ್ಸಿಲ್ (ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಸ್ಥಳೀಯ ಆಡಳಿತ) ಸುಪರ್ದಿಗೆ ಕೊಡುವ ಆದೇಶಕ್ಕೆ, ಅಷ್ಟು ಸಾಲದು. 1989ರ ಮಕ್ಕಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮಗುವಿಗೆ ಗಂಭೀರ ಹಾನಿಯಾಗಿದೆ ಅಥವಾ ಆಗುವ ಸಂಭವವಿದೆ, ಅದಕ್ಕೆ ಆರೈಕೆಯ ಕೊರತೆಯೇ ಕಾರಣ ಎಂದು ಕೌನ್ಸಿಲ್ ರುಜುವಾತು ಮಾಡಬೇಕು. ತಪ್ಪಿಲ್ಲವೆಂದು ತೋರಿಸುವ ಹೊರೆ ತಂದೆತಾಯಿಯದಲ್ಲ. 2008ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಖಚಿತಪಡಿಸಿತು: ರುಜುವಾದರೆ ಒಂದು, ಆಗದಿದ್ದರೆ ಸೊನ್ನೆ, ನಡುವಿನ ಅನುಮಾನಕ್ಕೆ ಬೆಲೆಯಿಲ್ಲ. ಆದರೆ ಪೆಟ್ಟು ಯಾರೋ ಮಾಡಿದ್ದೇ ಎಂದು ರುಜುವಾಗಿ, ಅವರು ಯಾರೆಂದು ತಿಳಿಯದಿದ್ದರೆ, ಮಾಡಿರಬಹುದಾದವರ ಪಟ್ಟಿಯಲ್ಲಿ ಇಬ್ಬರೂ ಉಳಿಯಬಹುದು. ತಾಯಂದಿರು ಇದನ್ನು ಎಣಿಸಿಯೇ ಇರುವುದಿಲ್ಲ.

ಕೇಸು ನಿಲ್ಲುವುದೂ ಬೀಳುವುದೂ ಎಕ್ಸ್‌ರೇಯ ಮೇಲೆ. ಹಸುಗೂಸಿನ ಪಕ್ಕೆಲುಬು ಸುಲಭಕ್ಕೆ ಮುರಿಯುವುದಿಲ್ಲ, ಎದೆಯನ್ನು ಬಿಗಿಯಾಗಿ ಹಿಂಡಿದರೆ ಮುರಿಯುತ್ತದೆ. ವೈದ್ಯರ ಶಂಕೆಗೆ ಕಾರಣ ಅದೇ. ಹೊಸ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಮೂಳೆ ಕೂಡತೊಡಗಿದಾಗ ಕಾಣುತ್ತದೆ. ಅದಕ್ಕೇ 11ರಿಂದ 14 ದಿನಕ್ಕೆ ಮತ್ತೆ ತೆಗೆಯುತ್ತಾರೆ. ಎರಡೂ ವರದಿ ವಕೀಲರ ಕೈಸೇರಲಿ. ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್, ಹುಟ್ಟಿನಿಂದ ಮೂಳೆ ಪೆಡಸಾಗಿರುವ ಕಾಯಿಲೆ, ಇವನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಲಿ. ನಮ್ಮ ಕೂಸುಗಳ ಬೆನ್ನು, ಸೊಂಟದ ಮೇಲಿನ ನೀಲಿ ಹುಟ್ಟುಮಚ್ಚೆಯನ್ನು ಬಾಸುಂಡೆಯೆಂದು ಬಗೆದದ್ದೂ ಉಂಟು. ಹುಟ್ಟಿದಾಗಲೇ ಮಗುವಿನ ಆರೋಗ್ಯ ಪುಸ್ತಕದಲ್ಲಿ ಬರೆಸಿದ್ದರೆ ಆ ಜಗಳವೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಊಹೆಯ ಉತ್ತರ. ‘ಬಹುಶಃ ತೊಟ್ಟಿಲಿಗೆ ತಾಗಿರಬೇಕು’ ಎಂದು ಒಮ್ಮೆ, ‘ಎಣ್ಣೆ ತಿಕ್ಕುವಾಗ ಆಗಿರಬೇಕು’ ಎಂದು ಇನ್ನೊಮ್ಮೆ ಹೇಳಿದರೆ ನ್ಯಾಯಾಧೀಶರು ಅದನ್ನು ಬದಲಾಗುವ ಕತೆ ಎಂದೇ ಓದುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ಸುಮ್ಮನಿರುವ ಹಕ್ಕು ಆ ಕೋರ್ಟಿನಲ್ಲಿಲ್ಲ. ಆದರೆ ಅದೇ ಕಾಯ್ದೆಯ 98ನೇ ಸೆಕ್ಷನ್‌ನಂತೆ ಅಲ್ಲಿ ಒಪ್ಪಿಕೊಂಡದ್ದನ್ನು, ಸುಳ್ಳುಸಾಕ್ಷ್ಯದ ಕೇಸು ಬಿಟ್ಟು, ಕ್ರಿಮಿನಲ್ ಕೇಸಿನಲ್ಲಿ ಅವರ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ತಂದೆತಾಯಿಗೆ ಆದಾಯ ನೋಡದೆ ವಕೀಲರು ಉಚಿತ. ಕೋರ್ಟಿನ ಕಾಗದ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ನ್ಯಾಯಾಂಗ ನಿಂದನೆಯಾದೀತು.

ಕರೆತರುವ ವಿಚಾರ. ಸದ್ದಿಲ್ಲದೆ ಟಿಕೆಟ್ ಮಾಡಿಸುವ ಯೋಚನೆ ಬೇಡವೇ ಬೇಡ. ಕೋರ್ಟಿನ ಅನುಮತಿಯಿಲ್ಲದೆ ಮಗು ದೇಶ ಬಿಡುವಂತಿಲ್ಲ. ಮೊಮ್ಮಗನನ್ನು ಸಾಕಲು ಸಿದ್ಧರಿದ್ದೇವೆಂದು ಈ ವಾರವೇ ಕೌನ್ಸಿಲ್‌ನ ಸೋಶಿಯಲ್ ವರ್ಕರ್‌ಗೆ ಬರೆದು ತಿಳಿಸಿ, ಮಗನ ವಕೀಲರಿಗೂ ಪ್ರತಿ ಕಳಿಸಿ. ನಿಮ್ಮ ವಯಸ್ಸು, ಆರೋಗ್ಯ, ಮನೆಯಲ್ಲಿ ಯಾರ್ಯಾರಿದ್ದಾರೆ, ಖರ್ಚು ಹೇಗೆ ಎಂದು ವಿಚಾರಿಸುತ್ತಾರೆ. ‘ಮಗ ತಪ್ಪು ಮಾಡಿದ್ದಾನೆಂದು ಕೋರ್ಟು ಹೇಳಿದರೆ ಅವನನ್ನು ಮಗುವಿನಿಂದ ದೂರವಿಡುವಿರಾ?’ ಎಂದೂ ಕೇಳಬಹುದು. ‘ನನ್ನ ಮಗ ಹಾಗಲ್ಲ’ ಎಂಬಷ್ಟೇ ಉತ್ತರ ಕೊಟ್ಟರೆ ನಿಮ್ಮ ಹೆಸರಿಗೂ ಕಷ್ಟ. ಇಡೀ ಪ್ರಕರಣಕ್ಕೆ ಕಾಯ್ದೆ ಕೊಡುವ ಗಡುವು 26 ವಾರ. ತಡವಾಗಿ ಬಂದ ಅಜ್ಜಅಜ್ಜಿಗಾಗಿ ಅದನ್ನು ಸುಮ್ಮನೆ ಹಿಗ್ಗಿಸುವುದಿಲ್ಲ.

ಪ್ರಶ್ನೆ: ‘ಸೆಕ್ಷನ್ 20ಕ್ಕೆ ಸಹಿ ಹಾಕಿ’ ಎಂದು ಕೌನ್ಸಿಲ್‌ನವರು ಕೇಳಿದರೆ ಹಾಕಬೇಕೇ?
– ಓದುಗರು, ಲಂಡನ್

ಉತ್ತರ: ಅದು ಆದೇಶವಲ್ಲ, ಮಕ್ಕಳ ಕಾಯ್ದೆಯ ಆ ಸೆಕ್ಷನ್‌ನಡಿ ಮಗುವನ್ನು ಕೌನ್ಸಿಲ್ ಇಟ್ಟುಕೊಳ್ಳಲು ನೀವು ಕೊಡುವ ಒಪ್ಪಿಗೆ. ಯಾವಾಗ ಬೇಕಾದರೂ ಹಿಂಪಡೆಯಬಹುದು. ಹಿಂಪಡೆದರೆ ಅವರು ಕೋರ್ಟಿಗೆ ಹೋಗಬಹುದು. ಕನ್ನಡದ ದುಭಾಷಿ ಬೇಕಿದ್ದರೆ ಕೇಳಿ. ವಕೀಲರಿಗೆ ತೋರಿಸದೆ ಸಹಿ ಬೇಡ.