ಡಬ್ಬದ ಮೇಲಿನ ಹತ್ತು ಸಾವಿರ ಲುಮೆನ್

ಪ್ರಶ್ನೆ: ಗದ್ದೆಗೆ ರಾತ್ರಿ ಹಂದಿಗಳು ನುಗ್ಗುತ್ತವೆ. ಕಾವಲಿಗೆಂದು ಒಂದು ಟಾರ್ಚ್ ತರಿಸಿದೆ. ಡಬ್ಬದ ಮೇಲೆ ‘10,000 ಲುಮೆನ್, 8 ಗಂಟೆ’ ಎಂದಿದೆ. ಒಳಗಿರುವುದು ಒಂದೇ 18650 ಬ್ಯಾಟರಿ, ಅದರ ಮೇಲೆ 9,900 ಎಂಎಎಚ್ ಎಂದು ಬರೆದಿದೆ. ಹಚ್ಚಿದ ಐದು ನಿಮಿಷಕ್ಕೇ ಬೆಳಕು ಮಂಕಾಗುತ್ತದೆ. ಟಾರ್ಚ್ ಕೆಟ್ಟಿದೆಯೇ?
— ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಕೆಟ್ಟಿಲ್ಲ ಸ್ವಾಮಿ, ಡಬ್ಬ ಸುಳ್ಳು ಹೇಳುತ್ತಿದೆ. ಲುಮೆನ್ ಎಂದರೆ ಟಾರ್ಚ್ ಚೆಲ್ಲುವ ಒಟ್ಟು ಬೆಳಕಿನ ಅಳತೆ, ಎಂಎಎಚ್ ಎಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ. ನಾನೂ ಒಮ್ಮೆ ಹೀಗೇ ಟೋಪಿ ಹಾಕಿಸಿಕೊಂಡವನು. ಜಾತ್ರೆಯಲ್ಲಿ ಕೊಂಡ ಟಾರ್ಚಿನ ಬ್ಯಾಟರಿ ಯಾಕೋ ಹಗುರ ಅನ್ನಿಸಿತು. ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟೆ. 31 ಗ್ರಾಂ! ಸರಿಯಾದ 18650 ಬ್ಯಾಟರಿ 45ರಿಂದ 50 ಗ್ರಾಂ ತೂಗುತ್ತದೆ. ನೀವೂ ತೂಗಿ ನೋಡಿ.

18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅಷ್ಟು ಜಾಗದಲ್ಲಿ ಒಳ್ಳೆಯ ಕಂಪನಿಯವರೂ ಸಾಮಾನ್ಯವಾಗಿ ತುಂಬುವುದು 3,500 ಎಂಎಎಚ್ ಆಸುಪಾಸು. ಅದನ್ನು, ಅಂದರೆ 3.5 ಆಂಪಿಯರ್-ಗಂಟೆಯನ್ನು, 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್-ಗಂಟೆ ಶಕ್ತಿ. ಒಂದು ವ್ಯಾಟಿಗೆ 100 ಲುಮೆನ್ ಬೆಳಕು ಎಂದು ಹಿಡಿಯೋಣ. ಆಗ 1,000 ಲುಮೆನ್ ಒಂದೂಕಾಲು ಗಂಟೆ ಉರಿದೀತು, ಅಷ್ಟೇ. ನಿಮ್ಮ ಡಬ್ಬದ ಮಾತು ನಿಜವಾಗಬೇಕಾದರೆ 800 ವ್ಯಾಟ್-ಗಂಟೆ ಬೇಕು. ಅಂದರೆ 64 ಬ್ಯಾಟರಿ. ಬರೀ ಬ್ಯಾಟರಿಯೇ ಮೂರು ಕೆ.ಜಿ.!

ಇನ್ನು ಹೆಸರುವಾಸಿ ಕಂಪನಿಗಳು. ಅವರ ಡಬ್ಬದ ಮೇಲೆ ‘ಎಎನ್‌ಎಸ್‌ಐ ಎಫ್‌ಎಲ್ 1’ ಎಂದಿದ್ದರೆ ಸ್ವಲ್ಪ ನಂಬಬಹುದು. 2009ರಲ್ಲಿ ಅಮೆರಿಕದಲ್ಲಿ ಬಂದ ಅಳತೆಯ ನಿಯಮ ಅದು. ಆದರೆ ಅದರಲ್ಲೂ ನುಸುಳಲು ಒಂದು ಕಿಂಡಿ ಇದೆ. ಲುಮೆನ್ ಅಳೆಯುವುದು ಹಚ್ಚಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ. ಆಮೇಲೆ ಬಲ್ಬಿರುವ ತುದಿ ಬಿಸಿಯಾಗಿ ಟಾರ್ಚ್ ತಾನೇ ಬೆಳಕು ತಗ್ಗಿಸಿಕೊಂಡರೂ ಡಬ್ಬದ ಅಂಕಿ ಬದಲಾಗುವುದಿಲ್ಲ. ಗಂಟೆಯ ಲೆಕ್ಕವೋ, ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ‘1,000 ಲುಮೆನ್, 3 ಗಂಟೆ’ ಎಂದರೆ ಕೊನೆಗೆ ಉಳಿದಿರುವುದು 100 ಲುಮೆನ್. ಹಾಗಾಗಿ ಅಂಕಿಗಿಂತ ಗ್ರಾಫ್ ನೋಡಿ. ಹೊತ್ತು ಹೋದಂತೆ ಬೆಳಕು ಹೇಗೆ ಇಳಿಯುತ್ತದೆ ಎಂದು ಒಳ್ಳೆಯ ಕಂಪನಿಗಳು ತೋರಿಸುತ್ತವೆ.

ಹಂದಿ ಕಾಯಲು ನಿಮಗೆ ಬೇಕಿರುವುದು ದೂರ ಹೋಗುವ ಬೆಳಕು, ಅಲ್ವಾ? ಹಾಗಿದ್ದರೆ ಲುಮೆನ್ ಬಿಟ್ಟು ಕ್ಯಾಂಡೆಲಾ ನೋಡಿ, ಅದು ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ. 10,000 ಕ್ಯಾಂಡೆಲಾ ಎಂದರೆ 200 ಮೀಟರ್ ಎಂದು ಬರೆದಿರುತ್ತಾರೆ. ಅಷ್ಟು ದೂರದಲ್ಲಿ ಸಿಗುವುದು ಬರೀ ಬೆಳದಿಂಗಳಷ್ಟು, 0.25 ಲಕ್ಸ್ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಹಂದಿಯೋ ಪೊದೆಯೋ ಎಂದು ಗೊತ್ತಾಗಬೇಕಾದರೆ ಅದರ ಅರ್ಧ ದೂರ ಹಿಡಿಯಿರಿ.

ಮನೆಯಲ್ಲೇ ಪರೀಕ್ಷಿಸಬಹುದು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಸೂರಿನ ಕಡೆಗೆ ಹಚ್ಚಿಡಿ. ಪಕ್ಕದಲ್ಲಿ ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ತೆರೆದಿಡಿ. ಎರಡನ್ನೂ ಅಲುಗಿಸದೆ ಐದೈದು ನಿಮಿಷಕ್ಕೆ ಅಂಕಿ ಬರೆದುಕೊಳ್ಳಿ. ಆ್ಯಪಿನ ಅಂಕಿ ಪಕ್ಕಾ ಇರುವುದಿಲ್ಲ, ಇಳಿತ ಮಾತ್ರ ಗೊತ್ತಾಗುತ್ತದೆ. ನಮಗೆ ಬೇಕಿರುವುದೂ ಅದೇ.

ಅಂದಹಾಗೆ, ಆ 9,900ರ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಿಬಿಡಬೇಡಿ. ಎಚ್ಚರವಿದ್ದಾಗಲೇ, ಕಣ್ಣೆದುರಿಗೇ ಚಾರ್ಜ್ ಮಾಡಿ.